ಫಿಟ್ಸ್ ಮಾತ್ರೆಯಿಂದ ವಸಡು ಬೆಳೆದಿದೆ, ಮಾತ್ರೆ ಬದಲಿಸಿದವರು ಹೇಳಿ

ಕೇಳಿದವರು: ತಮ್ಮನಿಗೆ 19 ವರ್ಷ. ನಾಲ್ಕು ವರ್ಷದಿಂದ ಫೆನಿಟಾಯಿನ್ 300 ಮಿ.ಗ್ರಾಂ. ವಸಡು ಬೆಳೆದು ಅರ್ಧ ಹಲ್ಲು ಮುಚ್ಚಿದೆ. ಲೆವೆಟಿರಾಸಿಟಮ್‌ಗೆ ಬದಲಿಸೋಣ ಅಂತಾರೆ ಡಾಕ್ಟ್ರು. ಅನುಭವ ಇದ್ದವರು ಹೇಳಿ.

ಹಾಸನ: ಹನ್ನೊಂದು ವರ್ಷ ಅದೇ ಮಾತ್ರೆ ನುಂಗಿದವನು ನಾನು. ವಸಡು ಕತ್ತರಿಸಿ ತೆಗೆಸಿದೆ, ನಾಲ್ಕು ಸಲ ಹೋಗಿ ಒಟ್ಟು 14,000. ಮಾತ್ರೆ ನಿಲ್ಲಿಸಿರಲಿಲ್ಲವಲ್ಲ, ಒಂದೂವರೆ ವರ್ಷಕ್ಕೆ ಮತ್ತೆ ಬೆಳೆಯಿತು. ಮತ್ತೆ 9,500. ಅದಕ್ಕಿಂತ ಕಷ್ಟ ಆಗಿದ್ದು ಡೋಸ್ 400ಕ್ಕೆ ಏರಿಸಿದಾಗ. ಹತ್ತೇ ದಿನಕ್ಕೆ ಕಾಲು ತಡವರಿಸಿತು. ಡೈರಿಗೆ ಹಾಲು ಹಾಕೋಕೆ ಹೋದವನು ಕ್ಯಾನ್ ಸಮೇತ ಬಿದ್ದೆ. ಬೆಳಗ್ಗೆನೇ ಕುಡಿದಿದ್ದಾನೆ ಅಂದರು ಊರವರು. ರಕ್ತದಲ್ಲಿ ಔಷಧಿ ಮಟ್ಟ 34 ಇತ್ತು, ಇರಬೇಕಾದ್ದು 10ರಿಂದ 20. ಒಂದು ಹಂತ ದಾಟಿದರೆ ಡೋಸ್ ಚೂರು ಏರಿಸಿದರೂ ರಕ್ತದಲ್ಲಿ ಆ ಮಟ್ಟ ದಿಢೀರ್ ಜಾಸ್ತಿ ಆಗುತ್ತೆ.

ಧಾರವಾಡ: ನನ್ನ ಮಗಳಿಗೆ ಲೆವೆಟಿರಾಸಿಟಮ್ ಕೊಟ್ಟರು. ವಸಡಿಗೆ ಏನೂ ಆಗಲಿಲ್ಲ, ಸಿಟ್ಟು ಬಂತು. ಎಂದೂ ಎದುರು ಮಾತಾಡದ ಹುಡುಗಿ ರೊಟ್ಟಿ ತಟ್ಟೆ ಎತ್ತಿ ಗೋಡೆಗೆ ಹೊಡೆದಳು. ಎಣ್ಣೆಗಾಯಿ ರಸ ಇಳಿದ ಕಲೆ ಇನ್ನೂ ಇದೆ. ಆಮೇಲೆ ಅವಳೇ "ಅಮ್ಮಾ, ನನಗೇನಾಗ್ತಿದೆ" ಅಂತ ಅತ್ತಳು. ಈಗ ಲ್ಯಾಮೋಟ್ರಿಜಿನ್. 25ರಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರು. ಬೇಗ ಏರಿಸಿದರೆ ಮೈಮೇಲೆ ಗುಳ್ಳೆ ಏಳಬಹುದು, ಜೀವಕ್ಕೇ ಕುತ್ತು. ದಿನಾ ರಾತ್ರಿ ಟಾರ್ಚ್ ಹಿಡಿದು ಅವಳ ಬೆನ್ನು ನೋಡುತ್ತಿದ್ದೆ.

ಮೈಸೂರು: ಸುಮ್ನೆ ಈ ವಿಷ ಯಾಕೆ? ನಾನು ಎಲ್ಲಾ ಮಾತ್ರೆ ಬಿಟ್ಟು ಮೂರು ವರ್ಷ ಆಯ್ತು. ಪಥ್ಯ ಮಾಡ್ತೀನಿ. ಏನೂ ಆಗಿಲ್ಲ.

ಶಿವಮೊಗ್ಗ: ಸರ್, ದಯವಿಟ್ಟು ಹೀಗೆ ಬರೀಬೇಡಿ. ನಮ್ಮಣ್ಣ ಯಾರದ್ದೋ ಮಾತು ಕೇಳಿ ಒಂದೇ ಸಲಕ್ಕೆ ನಿಲ್ಲಿಸಿದ. ಐದನೇ ದಿನ ಬಂದ ಫಿಟ್ಸ್ ನಿಲ್ಲಲೇ ಇಲ್ಲ. 40 ನಿಮಿಷ. ಐಸಿಯು ಆರು ದಿನ, 2,10,000. ಅತ್ತಿಗೆ ಬಳೆ ಅಡವಿಟ್ಟರು.

ಮೈಸೂರು: ನಿಮ್ಮಣ್ಣಂದು ಬೇರೆ. ನನ್ನ ಮೈ ನನಗೆ ಗೊತ್ತು.

ಹಾಸನ: ಕೇಳಿದವರ ತಮ್ಮನ ಮೈ ನಿಮಗೆ ಗೊತ್ತಾ? ನನಗೆ ಬದಲಿಸಿದ್ದೂ ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸುತ್ತಾ. ಎರಡು ತಿಂಗಳು ಹಿಡಿಯಿತು.

ಮಂಡ್ಯ: ನನಗೆ ವಾಲ್ಪ್ರೊಯೇಟ್. ಕೂದಲು ಉದುರಿದ್ದು, 14 ಕೆಜಿ ಏರಿದ್ದು ಬಿಡಿ. ಹೊಟ್ಟೆಯಲ್ಲಿರೋ ಮಗುವಿಗೆ ಅದು ಅಪಾಯ ಅಂತ ಗೊತ್ತಾದಾಗ ನನಗೆ ಮೂರು ತಿಂಗಳು. ವಿಷಯ ಮುಚ್ಚಿಟ್ಟು ಮದುವೆ ಮಾಡಿದ್ದರು, ಡಾಕ್ಟರ ಹತ್ತಿರ ಹೋಗೋದೇ ತಪ್ಪಿತ್ತು.

ಧಾರವಾಡ: ಮುಚ್ಚಿಟ್ಟಿದ್ದು ತಪ್ಪಲ್ವಾ ಅಕ್ಕಾ? ಗಂಡನ ಕಡೆಯವರು ಈ ಮದುವೆ ಬೇಡ ಅಂದಿದ್ದರೆ?

ಮಂಡ್ಯ: ಫಿಟ್ಸ್ ಇದ್ದರೆ ಮದುವೆ ರದ್ದು ಅನ್ನೋದನ್ನ ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದರು. ಮುಚ್ಚಿಟ್ಟಿದ್ದು ನಮ್ಮಪ್ಪ, ನಾನಲ್ಲ. ನಿಮ್ಮ ಮಗಳಿಗೂ ನಾಳೆ ಗಂಡು ನೋಡ್ತೀರಲ್ಲ, ಅವತ್ತು ಬಂದು ಹೇಳಿ.