ಮರಗೆಲಸದ ಕೋಣೆಗೆ ಸದ್ದು ಕಡಿಮೆಯಿರುವ ಸಣ್ಣ ಕಂಪ್ರೆಸರ್ ಬೇಕು, ಮಹಡಿಯಲ್ಲಿ ಹಸುಗೂಸಿದೆ

ಗೊಂಬೆಮೆಟ್ಟಿಲು, ಮೈಸೂರು

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದಲ್ಲಿ ನಮ್ಮ ಮನೆ. ಕಾರು ನಿಲ್ಲಿಸುವ ಜಾಗಕ್ಕೆ ಗೋಡೆ ಕಟ್ಟಿಸಿ, ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ ಮಾಡಿಕೊಂಡು ಐದು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ನವರಾತ್ರಿಯಲ್ಲಿ ಗೊಂಬೆ ಕೂರಿಸಲು ಮಡಚಿಡಬಹುದಾದ ಮೆಟ್ಟಿಲು, ಪಟ್ಟದ ಗೊಂಬೆಗಳಿಗೆ ಪುಟ್ಟ ಮಂಟಪ, ಹಬ್ಬ ಮುಗಿದ ಮೇಲೆ ಅವನ್ನು ಎತ್ತಿಡಲು ಪೆಟ್ಟಿಗೆ, ಇವಿಷ್ಟೇ ನನ್ನ ಕೆಲಸ. ಇದುವರೆಗೆ ಸುತ್ತಿಗೆ ಮತ್ತು ಕುಂಚದಲ್ಲೇ ನಡೆಸಿದೆ. ಒಂದು ಮಂಟಪದ ಬೀಡಿಂಗ್ ಕೂರಿಸಲು ಸುಮಾರು ಅರವತ್ತು ಸಣ್ಣ ಮೊಳೆ ಬೇಕು. ಕಳೆದ ವರ್ಷ ಬಲಗೈಯ ಮಣಿಕಟ್ಟು ನೋಯಲು ಶುರುವಾಗಿದ್ದರಿಂದ ಬಡಗಿಗಳು ಇಟ್ಟುಕೊಳ್ಳುವಂಥ ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಎಫ್-30 ನೇಲ್ ಗನ್ ಕೊಂಡೆ.

ಗಾಳಿಗೆಂದು ಅಣ್ಣ ತನ್ನ ಟೈರ್ ಅಂಗಡಿಯಲ್ಲಿ ಪಕ್ಕಕ್ಕಿಟ್ಟಿದ್ದ 24 ಲೀಟರಿನ ಕಂಪ್ರೆಸರ್ ಕಳಿಸಿಕೊಟ್ಟ. ಸ್ವಿಚ್ ಹಾಕಿದೆ. ಕಬ್ಬಿಣದ ಡ್ರಮ್ಮಿನೊಳಗೆ ಕಲ್ಲು ಉರುಳಿಸಿದಂಥ ಸದ್ದು. ಮಹಡಿಯಲ್ಲಿ ಬಾಡಿಗೆಗಿರುವವರ ಮನೆಯಲ್ಲಿ ಬಾಣಂತಿ ಇದ್ದಾಳೆ, ಕೂಸಿಗೆ ಆಗ ಇಪ್ಪತ್ತೆಂಟು ದಿನ. ಬೆಚ್ಚಿಬಿದ್ದು ಅಳತೊಡಗಿದ ಕೂಸು ಬಹಳ ಹೊತ್ತು ಸುಮ್ಮನಾಗಲಿಲ್ಲ. ಅವರು ಏನೂ ಅನ್ನಲಿಲ್ಲ. ಆ ಹುಡುಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ತುದಿಗೆ ಬಂದು ನಿಂತಳು, ಅಷ್ಟೇ. ನನಗೆ ಜೀವ ಹಿಡಿಯಷ್ಟಾಯಿತು. ಆವತ್ತಿನಿಂದ ಅದನ್ನು ಮುಟ್ಟಿಲ್ಲ.

ಈಗ ಹೊಸದು ಕೊಳ್ಳಬೇಕು. ಒಂದು ಅಂಗಡಿಯಲ್ಲಿ ‘2 ಎಚ್‌.ಪಿ., 50 ಲೀಟರ್ ತೆಗೆದುಕೊಳ್ಳಿ, ದೊಡ್ಡದಾದಷ್ಟೂ ಒಳ್ಳೆಯದು’ ಎಂದರು. ಇನ್ನೊಂದರಲ್ಲಿ ‘ಸೈಲೆಂಟ್’ ಎಂದು ಬರೆದ ಎರಡು ಡಬ್ಬ ತೋರಿಸಿದರು. ಒಂದರ ಮೇಲೆ 60 ಡೆಸಿಬೆಲ್, ಇನ್ನೊಂದರ ಮೇಲೆ 70. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಹೆಚ್ಚು ಹಣ ಕೊಡಬೇಕೇ? ಮಂಟಪಗಳಿಗೆ ಸ್ಪ್ರೇ ಗನ್ನಿನಲ್ಲಿ ಲ್ಯಾಕರ್ ಹೊಡೆಯುವ ಆಸೆಯೂ ಇದೆ. ಹದಿನೈದು ಸಾವಿರದೊಳಗೆ ಮುಗಿಯಬೇಕು. ಕೋಣೆಯಲ್ಲಿ 16 ಆಂಪಿಯರಿನ ಒಂದೇ ಪ್ಲಗ್ ಇದೆ.

ಹಳೆಯ ಫಿಟ್ಟರ್, ಪೀಣ್ಯ

ಅಕ್ಕಾ, ಇಪ್ಪತ್ತೆರಡು ವರ್ಷದಿಂದ ಕಂಪ್ರೆಸರ್ ರಿಪೇರಿಯೇ ನನ್ನ ಹೊಟ್ಟೆಪಾಡು. ಎಚ್‌.ಪಿ., ಲೀಟರ್ ಎರಡನ್ನೂ ಸದ್ಯಕ್ಕೆ ಮರೆತುಬಿಡಿ. ಮೊದಲು ಮೋಟಾರಿನ ಫಲಕದಲ್ಲಿ ಆರ್‌ಪಿಎಂ ಎಷ್ಟು, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ನೋಡಿ. ನಿಮ್ಮ ಅಣ್ಣ ಕಳಿಸಿದ್ದರ ಮೇಲೆ 2,800ರ ಆಸುಪಾಸು ಇರುತ್ತದೆ ಎಂದು ನನ್ನ ಅಂದಾಜು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಎರಡು ಪೋಲಿನ ಮೋಟಾರು ಹಾಗೆಯೇ ಓಡುತ್ತದೆ. ಪಿಸ್ಟನ್ನು ನೇರವಾಗಿ ಅದರ ಶಾಫ್ಟಿಗೇ ಕೂತಿರುವುದರಿಂದ ನಿಮಿಷಕ್ಕೆ ಅಷ್ಟೂ ಸಲ ಬಡಿಯುತ್ತದೆ. ನಿಮಗೆ ಬೇಕಾಗಿರುವುದು ನಾಲ್ಕು ಪೋಲಿನ, 1,400 ಆರ್‌ಪಿಎಮ್ಮಿನ, ಎಣ್ಣೆ ಬೇಡದ, ಎದುರುಬದುರು ಎರಡು ಪಿಸ್ಟನ್ ಇರುವಂಥದ್ದು. ಬಡಿತ ಅರ್ಧಕ್ಕೆ ಇಳಿಯುತ್ತದೆ, ಒಂದು ಪಿಸ್ಟನ್ನಿನ ಒದೆತವನ್ನು ಇನ್ನೊಂದು ತಡೆಯುತ್ತದೆ. ದಂತವೈದ್ಯರ ಬಳಿ ಇರುವುದು ಇದೇ ಜಾತಿ. ನಿಮಗೆ ಪರಿಚಯದ ದಂತ ಚಿಕಿತ್ಸಾಲಯವಿದ್ದರೆ ಹೋಗಿ ಅದರ ಪಕ್ಕ ನಿಂತು ಕೇಳಿಸಿಕೊಳ್ಳಿ. ಡಬ್ಬದ ಮೇಲಿನ ಅಂಕಿಗಿಂತ ನಿಮ್ಮ ಕಿವಿಯನ್ನು ನಂಬುವುದು ಮೇಲು.

60ಕ್ಕೂ 70ಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ದುಪ್ಪಟ್ಟಾದಂತೆ ಕೇಳಿಸುತ್ತದೆ. ಆದರೆ ಎಷ್ಟು ದೂರದಿಂದ ಅಳೆದರು ಎಂಬುದನ್ನು ಕೇಳದೆ ಎರಡು ಡಬ್ಬಗಳನ್ನು ಹೋಲಿಸಬೇಡಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಆರು ಡೆಸಿಬೆಲ್ ತಾನಾಗಿಯೇ ಇಳಿಯುತ್ತದೆ. ಒಂದು ಮೀಟರಿನಿಂದ ಅಳೆದ 68, ನಾಲ್ಕು ಮೀಟರಿನಿಂದ ಅಳೆದ 60ಕ್ಕಿಂತ ಮೆತ್ತಗಿರಬಹುದು. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹಾಕಿರುವ ಮಿತಿ ಹಗಲು 55, ರಾತ್ರಿ ಹತ್ತರ ನಂತರ 45. ಹಾಗಾಗಿ ಯಾವ ಕಂಪ್ರೆಸರ್ ಕೊಂಡರೂ ಅದನ್ನು ಎಲ್ಲಿ ಇಡುತ್ತೀರಿ ಎಂಬುದು ಮುಖ್ಯವಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎಷ್ಟು ಗಾಳಿ ಬೇಕು? ನಿಮ್ಮ ಅರವತ್ತು ಮೊಳೆಯಿಂದಲೇ ಲೆಕ್ಕ ಹಾಕೋಣ. ಈ ಗನ್ನು ಒಂದು ಮೊಳೆಗೆ ಒಂದು ಲೀಟರಿಗಿಂತ ಕಡಿಮೆ ಗಾಳಿ ನುಂಗುತ್ತದೆ. 24 ಲೀಟರಿನ ಟ್ಯಾಂಕಿನ ಒತ್ತಡ 8 ಬಾರ್‌ನಿಂದ ಐದೂವರೆ ಬಾರ್‌ಗೆ ಇಳಿಯುವಷ್ಟರಲ್ಲಿ 60 ಲೀಟರ್ ಹೊರಗೆ ಬರುತ್ತದೆ. ಅಂದರೆ ಟ್ಯಾಂಕು ತುಂಬಿಸಿ ಸ್ವಿಚ್ ಆರಿಸಿಬಿಟ್ಟರೂ ಒಂದು ಮಂಟಪದ ಬೀಡಿಂಗ್ ಮುಗಿಯುತ್ತದೆ. ಮೊಳೆಗೆ 24 ಲೀಟರ್ ಸಾಕೇ ಸಾಕು.

ಸ್ಪ್ರೇ ಗನ್ನಿನದು ಬೇರೆ ಕಥೆ. ಪೀಠೋಪಕರಣದ ಪಾಲಿಶ್‌ನವರು ಹಿಡಿಯುವ ದೊಡ್ಡ ಗನ್ನಿಗೆ ನಿಮಿಷಕ್ಕೆ 250 ಲೀಟರೂ ಬೇಕಾಗುತ್ತದೆ. ಮನೆಯ ಯಾವ ಮೆತ್ತನೆಯ ಕಂಪ್ರೆಸರೂ ಅದನ್ನು ಕೊಡಲಾರದು. 0.8 ಮಿ.ಮೀ. ನಾಜಲಿನ, ಮೇಲೆ ಪುಟ್ಟ ಬಟ್ಟಲಿರುವ ಸಣ್ಣ ಗನ್ ಕೊಳ್ಳಿ. ಅದು ನಿಮಿಷಕ್ಕೆ ಸುಮಾರು 100 ಲೀಟರ್ ಎಳೆಯುತ್ತದೆ. 1 ಎಚ್‌.ಪಿ. ಕಂಪ್ರೆಸರ್ 55 ಕೊಟ್ಟರೂ ಕೊರತೆಯ 45ನ್ನು ಟ್ಯಾಂಕು ತುಂಬಿಕೊಡುತ್ತದೆ, ಎರಡು ನಿಮಿಷ ಆರಾಮವಾಗಿ ಹೊಡೆಯಬಹುದು. ಮಂಟಪಕ್ಕೆ ಅಷ್ಟು ಸಾಕು. ಮೆಟ್ಟಿಲ ಹಲಗೆಗಳಿಗೆ ಕುಂಚವನ್ನೇ ಉಳಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವುದು ಪಿಸ್ಟನ್ ಒಳಗೆಳೆಯುವ ಗಾಳಿಯ ಲೆಕ್ಕ. ಒತ್ತಡ ಏರಿದ ಮೇಲೆ ನಿಜವಾಗಿ ಹೊರಗೆ ಬರುವುದು, ಅಂದರೆ ಎಫ್‌.ಎ.ಡಿ., ಅದರ ಅರ್ಧದಿಂದ ಮೂರನೇ ಎರಡು ಭಾಗ. ‘7 ಬಾರ್‌ನಲ್ಲಿ ಎಫ್‌.ಎ.ಡಿ. ಎಷ್ಟು?’ ಎಂದು ಕೇಳಿ. ಉತ್ತರ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಇನ್ನು ಜಾಗದ ವಿಷಯ. ಲ್ಯಾಕರ್ ಹೊಡೆಯುವ ಕೋಣೆಯೊಳಗೆ ಕಂಪ್ರೆಸರ್ ಖಂಡಿತ ಬೇಡ. ಥಿನ್ನರಿನ ಆವಿ ತುಂಬಿರುವಾಗ ಒತ್ತಡ ನೋಡಿ ಮೋಟಾರನ್ನು ತಾನೇ ಆರಿಸಿ ಹಚ್ಚುವ ಪ್ರೆಷರ್ ಸ್ವಿಚ್ಚಿನ ಒಂದು ಕಿಡಿ ಸಾಕು ಬೆಂಕಿ ಹತ್ತಲು. ಹಿಂದಿನ ಓಣಿಯಲ್ಲಿ, ಮಳೆ ತಾಗದಂತೆ ತಗಡು ಹಾಕಿ ಇಡಿ. ಗೋಡೆಗೆ ತೂತು ಕೊರೆದು 8 ಮಿ.ಮೀ. ಪಿ.ಯು. (ಪಾಲಿಯುರೆಥೇನ್) ಟ್ಯೂಬ್ ಒಳಗೆ ತನ್ನಿ. ನೀರಿನ ಪಿ.ವಿ.ಸಿ. ಪೈಪನ್ನು ಗಾಳಿಗೆ ಎಂದೂ ಬಳಸಬೇಡಿ, ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಸದ್ದಿನ ದೊಡ್ಡ ಪಾಲು ಗಾಳಿ ಎಳೆದುಕೊಳ್ಳುವ ಬಾಯಿಯಿಂದ ಬರುತ್ತದೆ. ಆ ಬಾಯಿ ಹೊರಗಿದ್ದರೆ ಕೂಸಿಗೂ ನೆಮ್ಮದಿ, ಮರದ ಪುಡಿ ಒಳಹೋಗದೆ ಪಿಸ್ಟನ್ನಿಗೂ ಆಯುಷ್ಯ.

ಮಣ್ಣಿನ ಗಣಪ, ಸಾಗರ

ನಾವು ಮಣ್ಣಿನ ಗಣಪತಿ ಮಾಡುವವರು. ಕಣ್ಣು, ಕಿರೀಟದ ಅಂಚು, ಶಲ್ಯದ ನೆರಳು ಇವಕ್ಕೆಲ್ಲ ಏರ್‌ಬ್ರಷ್ ಬಳಸುತ್ತೇವೆ. ಹಳೆಯ ಫ್ರಿಜ್ಜಿನ ಕಂಪ್ರೆಸರಿಗೆ ಸಣ್ಣ ಟ್ಯಾಂಕು ಜೋಡಿಸಿ ಏಳು ವರ್ಷವಾಯಿತು. ರಾತ್ರಿ ಹನ್ನೆರಡಕ್ಕೆ ಓಡಿಸಿದರೂ ಪಕ್ಕದ ಕೋಣೆಯಲ್ಲಿ ಮಲಗಿರುವ ನಮ್ಮ ಅಜ್ಜಿಗೆ ಎಚ್ಚರವಾಗುವುದಿಲ್ಲ. ಖರ್ಚು ಎರಡೂವರೆ ಸಾವಿರ ಆಗಿತ್ತು. ನಿಮಗೂ ಇದು ಆಗಬಹುದೇ ನೋಡಿ.

ಹಳೆಯ ಫಿಟ್ಟರ್, ಪೀಣ್ಯ

ಸಾಗರದವರ ಕೆಲಸಕ್ಕೆ ಅದು ಸರಿಯಾದ ಆಯ್ಕೆ, ಏರ್‌ಬ್ರಷ್ ನಿಮಿಷಕ್ಕೆ ಇಪ್ಪತ್ತು ಲೀಟರಿನೊಳಗೆ ಬದುಕುತ್ತದೆ. ಅಕ್ಕನ ಸ್ಪ್ರೇ ಗನ್ನಿಗೆ ಅದು ಸಾಲದು. ಅದರೊಳಗಿನ ಎಣ್ಣೆ ಗಾಳಿಯ ಜೊತೆ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಲ್ಯಾಕರಿನ ಮೇಲೆ ಬಿದ್ದರೆ ಅಲ್ಲಲ್ಲಿ ಗುಂಡನೆಯ ಕುಳಿ ಏಳುತ್ತದೆ. ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಫ್ರಿಜ್ಜಿನ ಪೈಪನ್ನು ನೀವೇ ಕತ್ತರಿಸಬೇಡಿ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವ ಆರ್‌600ಎ ಅನಿಲ ಹೊತ್ತಿಕೊಳ್ಳುವಂಥದ್ದು. ಮೆಕ್ಯಾನಿಕ್‌ನಿಂದ ತೆಗೆಸಿ. ಅಡುಗೆ ಅನಿಲದ ಸಿಲಿಂಡರನ್ನು ಟ್ಯಾಂಕು ಮಾಡುವ ಯೋಚನೆಯನ್ನು ಬಿಟ್ಟುಬಿಡಿ. ಸೇಫ್ಟಿ ವಾಲ್ವ್ ಇಲ್ಲದೆ ಯಾವ ಟ್ಯಾಂಕಿಗೂ ಗಾಳಿ ತುಂಬಬೇಡಿ. ತುಕ್ಕು ಹಿಡಿದ ಟ್ಯಾಂಕು ಸೀಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗೊಂಬೆಮೆಟ್ಟಿಲು, ಮೈಸೂರು

ಫಿಟ್ಟರ್ ಅವರೇ, ಮೂರು ವಾರದ ನಂತರ ಬರೆಯುತ್ತಿದ್ದೇನೆ. ನಮ್ಮ ದಂತವೈದ್ಯೆಯ ಬಳಿ ಕೇಳಿಕೊಂಡಾಗ ಅವರು ನಗುತ್ತಲೇ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅದು ಓಡುತ್ತಿರುವಾಗಲೇ ನಾವಿಬ್ಬರೂ ದನಿ ಏರಿಸದೆ ಮಾತಾಡಿದೆವು. ಮರುದಿನವೇ 1 ಎಚ್‌.ಪಿ., 24 ಲೀಟರ್, 1,400 ಆರ್‌ಪಿಎಮ್ಮಿನದು ತಂದೆ. ಹನ್ನೊಂದೂವರೆ ಸಾವಿರ ಆಯಿತು. ಎಫ್‌.ಎ.ಡಿ. ಕೇಳಿದ್ದಕ್ಕೆ ಮೊದಲ ಅಂಗಡಿಯವರು ಮಾತು ಬದಲಿಸಿದರು, ಎರಡನೆಯವರು ಪುಸ್ತಕ ತೆಗೆದು 58 ಲೀಟರ್ ಎಂದು ತೋರಿಸಿದರು.

ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟಿದ್ದೇನೆ. ಕೆಳಗೆ ಹಸುವಿನ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟಿನ ತುಂಡು. ಮೇಲಿನ ಹುಡುಗಿಯನ್ನು ಕೇಳಿ ಹೊತ್ತು ಗೊತ್ತು ಮಾಡಿಕೊಂಡೆ. ಬೆಳಿಗ್ಗೆ ಒಂಬತ್ತೂವರೆಗೆ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ. ಆಗ ಟ್ಯಾಂಕು ತುಂಬಿಸಿ ಸ್ವಿಚ್ ಆರಿಸುತ್ತೇನೆ. ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿದ ಮೇಲೆ ನಾನು ಮೊಳೆ ಹೊಡೆಯಲು ಕೂರುತ್ತೇನೆ. ಅರವತ್ತು ಮೊಳೆಯ ಲೆಕ್ಕ ನಿಜ. ಮೊನ್ನೆ ಐವತ್ತೆಂಟಕ್ಕೆ ಗನ್ನು ಸೊರಗಿತು. ಮಣಿಕಟ್ಟು ನೋಯಲಿಲ್ಲ.

ಎರಡು ತೊಂದರೆ. ಸಂಜೆ ಏಳರ ಮೇಲೆ ಸ್ವಿಚ್ ಹಾಕಿದರೆ ಮೋಟಾರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಒಳಗಿನ ಪ್ಲಗ್ಗಿನಿಂದ ಹತ್ತು ಮೀಟರ್ ಎಕ್ಸ್‌ಟೆನ್ಶನ್ ಎಳೆದಿದ್ದೇನೆ. ಎರಡನೆಯದು, ನಿನ್ನೆ ಸ್ಪ್ರೇ ಮಾಡುವಾಗ ಗನ್ನಿನಿಂದ ನೀರಿನ ಹನಿ ಹಾರಿ ಒಂದು ಮಂಟಪದ ಗೋಪುರ ಬಿಳಿಚಿಕೊಂಡಿತು. ಬಹಳ ಸಂಕಟವಾಯಿತು.

ಹಳೆಯ ಫಿಟ್ಟರ್, ಪೀಣ್ಯ

ಗುಂಯ್‌ಗುಟ್ಟುವಾಗ ತಕ್ಷಣ ಆರಿಸಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ. ಸಂಜೆ ವೋಲ್ಟೇಜ್ ಇಳಿದಿರುತ್ತದೆ, ತೆಳ್ಳನೆಯ ಎಕ್ಸ್‌ಟೆನ್ಶನ್ ಉಳಿದದ್ದನ್ನೂ ತಿನ್ನುತ್ತದೆ. ಅದನ್ನು ತೆಗೆದು, ಓಣಿಯಲ್ಲೇ 2.5 ಚದರ ಮಿ.ಮೀ. ತಂತಿಯಲ್ಲಿ ಒಂದು ಪ್ಲಗ್ ಹಾಕಿಸಿ, ಮಳೆಗೆ ಮುಚ್ಚಳವಿರುವಂಥದ್ದು. ಉದ್ದ ಬೇಕಾದಾಗ ಗಾಳಿಯ ಟ್ಯೂಬನ್ನು ಉದ್ದ ಮಾಡಬೇಕು, ಕರೆಂಟಿನ ತಂತಿಯನ್ನಲ್ಲ. ಆಮೇಲೂ ತಿರುಗದಿದ್ದರೆ ಮೋಟಾರು ತಿರುಗಲು ಶುರುಮಾಡಿಸುವ ಕೆಪ್ಯಾಸಿಟರ್ ನೋಡಿಸಿ.

ನೀರು ಬಂದದ್ದು ಕಂಪ್ರೆಸರಿನ ದೋಷವಲ್ಲ. ಮಳೆಗಾಲದ ಒಂದು ಘನ ಮೀಟರ್ ಗಾಳಿಯಲ್ಲಿ ಇಪ್ಪತ್ತು ಗ್ರಾಂಗೂ ಹೆಚ್ಚು ನೀರು ಅಡಗಿರುತ್ತದೆ. ಹಿಂಡಿ ಟ್ಯಾಂಕಿಗೆ ತುಂಬಿ ತಣಿಸಿದಾಗ ಅದರ ಬಹುಪಾಲು ಹನಿಯಾಗಿ ತಳಕ್ಕೆ ಇಳಿಯುತ್ತದೆ. ಒಂದು ಗಂಟೆ ಓಡಿಸಿದರೆ ಕಾಲು ಲೋಟದಷ್ಟಾದರೂ ಸಿಗುತ್ತದೆ. ದಿನವೂ ಕೆಲಸ ಮುಗಿದ ಮೇಲೆ ಒತ್ತಡ ಸ್ವಲ್ಪ ಉಳಿದಿರುವಾಗಲೇ ಕೆಳಗಿನ ಡ್ರೇನ್ ತಿರುಪು ಬಿಚ್ಚಿ. ರೆಗ್ಯುಲೇಟರ್ ಇರುವ ನೀರು ಸೋಸುವ ಬಟ್ಟಲನ್ನು ಕಂಪ್ರೆಸರಿಗೆ ಅಂಟಿಸದೆ, ಟ್ಯೂಬು ಕೋಣೆಯೊಳಗೆ ಬರುವಲ್ಲಿ ಗೋಡೆಗೆ ಹಾಕಿಸಿ. ಅಷ್ಟು ದೂರ ಬರುವಷ್ಟರಲ್ಲಿ ಗಾಳಿ ತಣ್ಣಗಾಗಿರುತ್ತದೆ, ಬಟ್ಟಲು ಹೆಚ್ಚು ನೀರು ಹಿಡಿಯುತ್ತದೆ.

ಬಿಳಿಚಿದ ಗೋಪುರಕ್ಕೆ ಮರಳುಕಾಗದ ಮುಟ್ಟಿಸಬೇಡಿ. ಎನ್‌.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಆಗಿದ್ದರೆ, ಬಿಸಿಲು ಬಂದ ದಿನ ಮಧ್ಯಾಹ್ನ ಬರಿಯ ಥಿನ್ನರನ್ನು ಮಂಜಿನಂತೆ ಒಂದು ಸಲ ಹಾಯಿಸಿ. ಮೇಲ್ಪದರ ಮತ್ತೆ ಕರಗಿ, ಒಳಗೆ ಸಿಕ್ಕಿಬಿದ್ದ ತೇವ ಹೊರಟುಹೋಗುತ್ತದೆ. ಬಾಗಿಲು ಕಿಟಕಿ ತೆರೆದಿರಲಿ, ಆವಿಗೆ ತಕ್ಕ ಮಾಸ್ಕ್ ಹಾಕಿಕೊಳ್ಳಿ.

ಗೊಂಬೆಮೆಟ್ಟಿಲು, ಮೈಸೂರು

ಇವತ್ತು ಬಿಸಿಲು ಬಂತು, ಗೋಪುರದ ಬಿಳಿ ಹೋಯಿತು. ಡ್ರೇನಿನಿಂದ ಇಳಿದ ನೀರನ್ನು ಲೋಟಕ್ಕೆ ಹಿಡಿದೆ. ಕಾಲು ಲೋಟಕ್ಕಿಂತ ಹೆಚ್ಚೇ ಇತ್ತು. ಎಲೆಕ್ಟ್ರಿಷಿಯನ್ ಸೋಮವಾರ ಬರುತ್ತಾನೆ. ಅಲ್ಲಿಯವರೆಗೆ ಬೆಳಗಿನ ಹೊತ್ತು ಮಾತ್ರ ಓಡಿಸುತ್ತೇನೆ.