ಸಹಾಯ ಬೇಕು: ಸ್ಟ್ರೋಕ್ ಹಾನಿಯಿಂದ ಮೆದುಳು ಕಾಪಾಡೋ ಸಸ್ಯಮೂಲದ ಕಾಂಪೌಂಡ್‌ಗಳು

ಎಲ್ರಿಗೂ ನಮಸ್ಕಾರ, ಎಂ.ಫಾರ್ಮ್ ಸೆಮಿನಾರ್‌ಗೆ ಈ ಟಾಪಿಕ್ ತಗೊಂಡಿದೀನಿ, ಫಾರ್ಮಕಾಲಜಿ ಗೊತ್ತಿರೋರು ಸ್ವಲ್ಪ ದಾರಿ ತೋರ್ಸಿ ಪ್ಲೀಸ್. ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಇವೆಲ್ಲ ಇಲಿ ಮೆದುಳಲ್ಲಿ ಸತ್ತ ಭಾಗದ ಸೈಜ್ ಕಮ್ಮಿ ಮಾಡುತ್ತೆ ಅಂತ ರಾಶಿ ಪೇಪರ್ ಇದೆ, ಆದ್ರೆ ಮೆಥಡ್ಸ್ ಓದಿದ್ರೆ ಎಷ್ಟೋ ಕಡೆ ಇಲಿಗೆ ಸ್ಟ್ರೋಕ್ ಬರ್ಸೋಕೆ ಅಂತ ರಕ್ತನಾಳ ಬ್ಲಾಕ್ ಮಾಡ್ತಾರಲ್ಲ, ಅದಕ್ಕೂ ಮುಂಚೇನೇ ಡೋಸ್ ಕೊಟ್ಟಿರ್ತಾರೆ, ಪೇಷೆಂಟ್ ಬರೋದು ಸ್ಟ್ರೋಕ್ ಆದ್ಮೇಲೆ ತಾನೆ! ಅದೂ ಅಲ್ದೆ ಕರ್ಕ್ಯುಮಿನ್ ನುಂಗಿದ್ರೆ ರಕ್ತಕ್ಕೆ ಸೇರೋದೇ ಚೂರು, ಮೆದುಳಿಗೆ ತಲುಪೋದು ದೂರದ ಮಾತು. ಮನುಷ್ಯರವರೆಗೂ ಬಂದಿರೋದ್ರಲ್ಲಿ ನಂಗೆ ಸಿಕ್ಕಿದ್ದು ಬ್ಯುಟೈಲ್‌ಫ್ತಾಲೈಡ್, ಮೊದ್ಲು ಸೆಲರಿ ಬೀಜದಿಂದ ತೆಗ್ದಿದ್ದು, ಚೀನಾದಲ್ಲಿ 2002ರಲ್ಲೇ ಇಸ್ಕೀಮಿಕ್ (ರಕ್ತನಾಳ ಬ್ಲಾಕ್ ಆಗಿ ಬರೋ) ಸ್ಟ್ರೋಕ್‌ಗೆ ಅಪ್ರೂವ್ ಆಗಿದೆ (ಈಗ ಸಿಂಥೆಟಿಕ್ಕಾಗಿ ಮಾಡ್ತಾರೆ).

ನಂಗೆ ಬೇಕಿರೋದು ಇಷ್ಟೇ, ಸ್ಟ್ರೋಕ್ ಆಗಿ ಮೂರ್ನಾಲ್ಕು ಗಂಟೆ ಬಿಟ್ಟು ಡೋಸ್ ಶುರು ಮಾಡಿದ್ರೂ ಕೆಲಸ ಮಾಡಿದೆ ಅನ್ನೋ ಸ್ಟಡಿ ಯಾವ್ದಾದ್ರೂ ಗೊತ್ತಾ, ವಯಸ್ಸಾದ ಇಲ್ಲಾ ಬಿಪಿ ಇರೋ ಇಲಿಗಳಲ್ಲಿ ಮಾಡಿದ್ರೆ ಇನ್ನೂ ಒಳ್ಳೇದು, ಗಟ್ಟಿಮುಟ್ಟಾದ ಎಳೇ ಇಲಿಗಳ ಡೇಟಾ ನೋಡಿ ನೋಡಿ ಸಾಕಾಗಿದೆ. ಗಿಂಕ್ಗೋ ಅನ್ನೋ ಮರದ ಎಲೆಯ ಎಕ್ಸ್‌ಟ್ರಾಕ್ಟನ್ನ ಆಸ್ಪಿರಿನ್ ಜೊತೆ ಕೊಟ್ರೆ ಬ್ಲೀಡಿಂಗ್ ರಿಸ್ಕ್ ಬಗ್ಗೆ ಓದಿರೋರಿದ್ರೂ ಹೇಳಿ. ಮನೆಮದ್ದು ಸಲಹೆ ಬೇಡ ದಯವಿಟ್ಟು, ನಮ್ ಗೈಡ್ ಮೆಕ್ಯಾನಿಸಮ್ಮೇ ಕೇಳೋದು.