ವೆಂಟಿಲೇಟರ್ ಬೇಡ ಎನ್ನುತ್ತಿದ್ದಾರೆ ಅಪ್ಪ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ಚಿಂತಾಮಣಿಯಿಂದ)

ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ. ಅವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ (ಸ್ನಾಯುಗಳನ್ನು ಆಡಿಸುವ ನರಗಳು ಕ್ರಮೇಣ ಸೊರಗುವ ರೋಗ) ಇರುವುದು ಕಳೆದ ವರ್ಷ ಖಚಿತವಾಯಿತು. ಕೈಕಾಲಿನ ಬಲ ಕುಂದಿದೆ, ಮಾತು ತೊದಲುತ್ತದೆ; ಆದರೆ ಬುದ್ಧಿ ಚುರುಕಾಗಿಯೇ ಇದೆ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ದರ ಎಷ್ಟಾಯಿತೆಂದು ಈಗಲೂ ದಿನವೂ ವಿಚಾರಿಸುತ್ತಾರೆ. ಉಸಿರಾಟ ಕಷ್ಟವಾದಾಗ ಗಂಟಲಿಗೆ ತೂತು ಮಾಡಿಸಿ ಯಂತ್ರಕ್ಕೆ ಹಾಕಬೇಡಿ ಎಂದು ಮೊದಲಿನಿಂದಲೂ ಹೇಳುತ್ತಿದ್ದರು. ಈಚೆಗೆ, ‘ಡಾಕ್ಟರಿಗೆ ಹೇಳಿ ಒಂದು ಇಂಜೆಕ್ಷನ್ ಕೊಡಿಸಿಬಿಡಿ’ ಎನ್ನಲು ಶುರುಮಾಡಿದ್ದಾರೆ. ದುಡ್ಡು ಉಳಿಸಲು ಅಪ್ಪನನ್ನು ಸಾಯಿಸಿದರು ಎಂದು ಊರಿನವರು ಆಡಿಕೊಳ್ಳುತ್ತಾರೆಂದು ಅಣ್ಣ ಈ ಮಾತನ್ನೇ ಎತ್ತಲು ಬಿಡುತ್ತಿಲ್ಲ. ಕಾನೂನು ಏನು ಹೇಳುತ್ತದೆ, ಇಂಥ ಸಂದರ್ಭವನ್ನು ನೀವು ಹೇಗೆ ನಿಭಾಯಿಸಿದಿರಿ, ದಯವಿಟ್ಟು ತಿಳಿಸಿ.

ಕೋಲಾರದಿಂದ, ನಿವೃತ್ತ ಸ್ಟಾಫ್ ನರ್ಸ್

ನಿಮ್ಮ ತಂದೆಯವರು ಕೇಳುತ್ತಿರುವುದು ಎರಡು ಬೇರೆ ಬೇರೆ ವಿಷಯಗಳನ್ನು. ಇಂಜೆಕ್ಷನ್ ಕೊಟ್ಟು ಪ್ರಾಣ ತೆಗೆಯಲು ನಮ್ಮ ದೇಶದ ಕಾನೂನಿನಲ್ಲಿ ಅವಕಾಶವಿಲ್ಲ. ತಾವೇ ಪ್ರಾಣ ಬಿಡಲು ವೈದ್ಯರು ಔಷಧ ಒದಗಿಸಿದರೂ ಅದು ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಂನಡಿ ಆತ್ಮಹತ್ಯೆಗೆ ಪ್ರಚೋದನೆ ಆಗಬಹುದು. ಆದ್ದರಿಂದ ಆ ಮಾತನ್ನು ಯಾವ ವೈದ್ಯರ ಮುಂದೆ ಇಟ್ಟರೂ ಪ್ರಯೋಜನವಿಲ್ಲ. ಆದರೆ ಬೇಡವಾದ ಚಿಕಿತ್ಸೆಯನ್ನು ಬೇಡವೆನ್ನುವುದು ಅವರ ಹಕ್ಕು. ಹಳದೀಪುರದ ನರ್ಸ್ ಅರುಣಾ ಶಾನಭಾಗ್ ಹಲ್ಲೆಯಿಂದ ಮೆದುಳಿಗೆ ಪೆಟ್ಟಾಗಿ ಮುಂಬೈಯ ಆಸ್ಪತ್ರೆಯ ಹಾಸಿಗೆಯಲ್ಲಿ ನಾಲ್ಕು ದಶಕ ಕಳೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಈ ಬಾಗಿಲನ್ನು ಸ್ವಲ್ಪ ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠವು ಘನತೆಯಿಂದ ಸಾಯುವುದು ಸಂವಿಧಾನದ 21ನೇ ವಿಧಿಯೊಳಗೇ ಬರುತ್ತದೆ ಎಂದು ತೀರ್ಪಿತ್ತು, ಲಿವಿಂಗ್ ವಿಲ್‌ಗೂ (ಮುಂದೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಕಾಗದಕ್ಕೂ) ಮಾನ್ಯತೆ ಕೊಟ್ಟಿತು.

ಆಗ ಈ ಕಾಗದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಹಾಗಾಗಿ ಅದು ಜನರ ಕೈಗೆ ಎಟುಕಲಿಲ್ಲ. 2023ರ ಜನವರಿಯಲ್ಲಿ ನಿಯಮ ಸಡಿಲವಾಯಿತು. ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರೇ ಆದರೂ ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿ 30ರಂದು ಈ ತೀರ್ಪನ್ನು ಜಾರಿಗೊಳಿಸುವ ಆದೇಶ ಹೊರಡಿಸಿದೆ. ತಾವು ಮಾತನಾಡಲಾರದ ಸ್ಥಿತಿಗೆ ಬಂದಾಗ ತಮ್ಮ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಕನಿಷ್ಠ ಇಬ್ಬರ ಹೆಸರನ್ನು ಬರೆಸಿ. ಅವರಲ್ಲಿ ಒಬ್ಬರು ನಿಮ್ಮ ಅಣ್ಣನೇ ಆಗಿರಲಿ. ಹೊರಗಿಟ್ಟವನು ಜಗಳವಾಡುತ್ತಾನೆ, ಹೆಸರು ಬರೆಸಿಕೊಂಡವನು ಅಪ್ಪನ ಮಾತನ್ನು ಕೂತು ಕೇಳಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ರೋಗಿಗೆ ಪ್ರಜ್ಞೆ ಇಲ್ಲದಿದ್ದಾಗ ಯಂತ್ರ ತೆಗೆಯಬೇಕಾದರೆ, ಚಿಕಿತ್ಸೆ ನೀಡುತ್ತಿರುವ ವೈದ್ಯರ ಜೊತೆ ಇಬ್ಬರು ತಜ್ಞರಿರುವ ಮಂಡಳಿ ಒಪ್ಪಬೇಕು, ಆಮೇಲೆ ಇನ್ನೊಂದು ಮಂಡಳಿಯೂ ಒಪ್ಪಬೇಕು. ಎರಡೂ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ತಿಳಿಸಬೇಕು, ತೆಗೆಯುವ ಮುಂಚೆ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗಬೇಕು. ಊರಿನವರ ಬಾಯಿಗೆ ಹೆದರುವ ನಿಮ್ಮ ಅಣ್ಣನಿಗೆ ಇದನ್ನು ಬಿಡಿಸಿ ಹೇಳಿ. ಮನೆಯವರು ಗುಟ್ಟಾಗಿ ಮಾಡುವ ಕೆಲಸ ಇದಲ್ಲ.

ಐಸಿಯು ಡ್ಯೂಟಿಯಲ್ಲಿ ಕಂಡದ್ದನ್ನು ಹೇಳುವುದಾದರೆ, ನೀತಿಯ ದೃಷ್ಟಿಯಿಂದ ಯಂತ್ರ ಹಾಕದಿರುವುದಕ್ಕೂ ಹಾಕಿದ್ದನ್ನು ತೆಗೆಯುವುದಕ್ಕೂ ವ್ಯತ್ಯಾಸವಿಲ್ಲ ಎಂದು ಪುಸ್ತಕ ಹೇಳಬಹುದು. ಮಕ್ಕಳ ಮನಸ್ಸಿಗೆ ಮಾತ್ರ ಅವೆರಡೂ ಒಂದೇ ಅಲ್ಲ. ಗಡಿಬಿಡಿಯ ರಾತ್ರಿಯಲ್ಲಿ ಒಮ್ಮೆ ಟ್ಯೂಬ್ ಹಾಕಿಸಿದರೆಂದರೆ, ತೆಗೆಯಿರಿ ಎನ್ನಲು ಯಾರ ನಾಲಿಗೆಯೂ ಹೊರಳುವುದಿಲ್ಲ. ಆದ್ದರಿಂದ ಅವರ ಬುದ್ಧಿ ನೆಟ್ಟಗಿದ್ದು, ತೊದಲಿದರೂ ಮಾತು ತಿಳಿಯುವ ಈಗಲೇ ಕಾಗದ ಮಾಡಿಸಿ, ನೋಡುತ್ತಿರುವ ನರರೋಗ ತಜ್ಞರ ಕಡತಕ್ಕೂ ಒಂದು ಪ್ರತಿ ಸೇರಿಸಿ. ಗಂಟಲಿಗೆ ತೂತು ಬೇಡ ಎಂದರೆ ಉಸಿರಾಟಕ್ಕೆ ನೆರವಾಗಲು ರಾತ್ರಿ ಮೂಗಿಗೆ ಹಾಕುವ ಬೈಪ್ಯಾಪ್ ಮಾಸ್ಕ್ ಕೂಡ ಬೇಡ ಎಂದೇನಲ್ಲ. ಒಂದೊಂದನ್ನೂ ಬೇರೆಯಾಗಿ ಕೇಳಿ ಬರೆದುಕೊಳ್ಳಿ.

ತಿಪಟೂರಿನಿಂದ, ಗೃಹಿಣಿ

ಕಾನೂನಿನ ವಿಷಯ ಮೇಲಿನವರು ಹೇಳಿದ್ದಾರೆ. ನಮ್ಮ ಅತ್ತೆಯವರಿಗೆ ಅನ್ನನಾಳದ ಕ್ಯಾನ್ಸರ್ ಇತ್ತು. ಐಸಿಯು ಬೇಡ ಎಂದಾಗ ಆಸ್ಪತ್ರೆಯವರು, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂದು ಸಹಿ ಹಾಕಿಸಿಕೊಂಡು ಕಳುಹಿಸಿಬಿಟ್ಟರು. ನೋವಿಗೆ ಒಂದು ಮಾತ್ರೆಯ ಚೀಟಿಯೂ ಕೈಯಲ್ಲಿರಲಿಲ್ಲ. ಯಂತ್ರ ಬೇಡ ಎಂದವರಿಗೆ ಆರೈಕೆಯೂ ಬೇಡವೆಂದು ತಿಳಿದುಕೊಳ್ಳುವ ಈ ಪದ್ಧತಿ ನಮ್ಮ ಕಡೆ ದೊಡ್ಡ ಅನ್ಯಾಯ.

ಆಮೇಲೆ ಉಪಶಮನ ಚಿಕಿತ್ಸೆಯ (ನೋವು, ಸಂಕಟ ತಗ್ಗಿಸುವ ಆರೈಕೆಯ) ವೈದ್ಯರನ್ನು ಹುಡುಕಿ ಮಾರ್ಫಿನ್ ಮಾತ್ರೆ ಬರೆಸಿಕೊಂಡೆವು. ಇದು ಎಲ್ಲ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳುವುದು ಸುಲಭವಾಗಿದೆ. ನಿಮ್ಮ ತಂದೆಯವರ ಕಾಯಿಲೆಯಲ್ಲಿ ನೋವಿಗಿಂತ ಏದುಸಿರಿನ ಭಯ ಹೆಚ್ಚು. ಸಣ್ಣ ಪ್ರಮಾಣದ ಮಾರ್ಫಿನ್ ಅದಕ್ಕೂ ಆಗುತ್ತದೆ ಎಂದು ನಮ್ಮ ವೈದ್ಯರು ಹೇಳಿದ್ದರು, ವಿಚಾರಿಸಿ. ಕೊನೆಯ ದಿನಗಳಲ್ಲಿ ಅತ್ತೆಯವರು ರಾಗಿ ಗಂಜಿಯನ್ನೂ ತಳ್ಳಿಬಿಡುತ್ತಿದ್ದರು, ಬಂದವರೆಲ್ಲ ‘ಹೊಟ್ಟೆಗೆ ಹಾಕದೆ ಬಿಟ್ಟಿದ್ದೀರಾ’ ಎನ್ನುತ್ತಿದ್ದರು. ದೇಹ ಮುಚ್ಚಿಕೊಳ್ಳುವಾಗ ಹಸಿವು ತಾನಾಗಿ ಹೋಗುತ್ತದೆ, ಬಲವಂತ ಮಾಡಿದರೆ ನೆತ್ತಿಗೆ ಹತ್ತುತ್ತದೆ ಎಂದು ವೈದ್ಯರು ತಿಳಿಸಿದ್ದರಿಂದ, ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ, ನಾಲಿಗೆ, ಒಸಡು ಒರೆಸುತ್ತ, ತುಟಿಗೆ ತುಪ್ಪ ಸವರುತ್ತಿದ್ದೆ. ಅಷ್ಟಕ್ಕೇ ಅವರ ಮುಖ ಸಡಿಲವಾಗುತ್ತಿತ್ತು.

ತುಮಕೂರಿನಿಂದ, ನಿವೃತ್ತ ಉಪನ್ಯಾಸಕ

ಇಂಜೆಕ್ಷನ್ ಕೇಳುವುದೇ ತಪ್ಪು ಎಂಬ ಧ್ವನಿ ಇಲ್ಲಿ ಕೇಳಿಸುತ್ತಿದೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ 2002ರಿಂದ, ಕೆನಡಾದಲ್ಲಿ 2016ರಿಂದ ಇದು ಕಾನೂನುಬದ್ಧ. ಎಚ್ಚರವಿರುವ ಮನುಷ್ಯ ತನ್ನ ಸಂಕಟಕ್ಕೆ ತಾನೇ ಗಡಿ ಹಾಕಿಕೊಳ್ಳುವುದರಲ್ಲಿ ನನಗೆ ಅನೀತಿ ಕಾಣುವುದಿಲ್ಲ. ಆದರೂ ನಮ್ಮ ಜಿಲ್ಲೆಗಳಲ್ಲಿ ನಾಳೆಯೇ ಇದು ಬರಲಿ ಎನ್ನಲು ನನಗೆ ಧೈರ್ಯವಿಲ್ಲ. ಜಮೀನಿನ ಪಾಲು ಆಗದ, ಆಸ್ಪತ್ರೆಯ ಬಿಲ್ಲಿಗೆ ಒಡವೆ ಅಡವಿಟ್ಟ ಮನೆಯಲ್ಲಿ ಮುದುಕರು ‘ನನಗೆ ಸಾಕು’ ಎಂದರೆ, ಅದು ಅವರ ಇಚ್ಛೆಯೋ ಮಕ್ಕಳ ಮುಖ ನೋಡಿ ಹೇಳಿದ ಮಾತೋ ಎಂದು ಬೇರ್ಪಡಿಸುವುದು ಹೇಗೆ? ನಿಮ್ಮ ತಂದೆಯವರಿಗೆ ಯಾವುದು ಸಾಕಾಗಿದೆ ಎಂದು ಒಬ್ಬರೇ ಕೂತು ಕೇಳಿ. ಉಸಿರುಗಟ್ಟುವ ಭಯವಾದರೆ ಅದಕ್ಕೆ ಮದ್ದಿದೆ, ಹೊರೆಯಾಗುತ್ತಿದ್ದೇನೆ ಎಂಬ ಸಂಕೋಚವಾದರೆ ಅದನ್ನು ನೀಗಿಸಬೇಕಾದವರು ನೀವು.

ಪಾಪದ ಪ್ರಶ್ನೆ ಯಾರಾದರೂ ಎತ್ತಿದರೆ, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನು 2019ರ ಜನವರಿಯಲ್ಲಿ ಕೊನೆಯ ದಿನಗಳಿಗೆ ಆಸ್ಪತ್ರೆಯಿಂದ ಮಠಕ್ಕೇ ಕರೆತಂದದ್ದನ್ನು ನೆನಪಿಸಿ. ಅಲ್ಲಿಯೂ ಚಿಕಿತ್ಸೆ ಮುಂದುವರಿದಿತ್ತು. ಆದರೆ ಜಾಗ ಅವರದಾಗಿತ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಒಂದೊಂದಾಗಿ ಕೇಳಿದಾಗ ಅಪ್ಪ ಮಾಸ್ಕ್ ಆಗಬಹುದು, ಹೊಟ್ಟೆಗೆ ಆಹಾರದ ನಳಿಕೆ ಬಗ್ಗೆ ಯೋಚಿಸುತ್ತೇನೆ, ಗಂಟಲಿನ ತೂತು ಮಾತ್ರ ಖಂಡಿತ ಬೇಡ ಎಂದರು. ಅಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ, ಇನ್ನೂ ಹೂಂ ಎಂದಿಲ್ಲ. ಅವರನ್ನು ಕಾರಿಗೆ ಹತ್ತಿಸುವುದೇ ಕಷ್ಟವಾಗಿರುವುದರಿಂದ, ಮನೆಗೇ ಬಂದು ದೃಢೀಕರಿಸುವ ನೋಟರಿ ಚಿಂತಾಮಣಿ ಕಡೆ ಯಾರಾದರೂ ಇದ್ದರೆ ತಿಳಿಸಿ.